ಪ್ರಶ್ನಾವಳಿಯ ಭಾಷಾಂತರ: ರುಮೇನಿಯನ್ ಭಾಷೆಯ ಒಂದು ನಿದರ್ಶನ

ನೌಕರನು ಮೇಲಧಿಕಾರಿಯ ಅಪ್ಪಣೆಗೆ ಕಾಯದೆ ತನ್ನ ಕೆಲಸದ ರೀತಿಯನ್ನೂ, ಸಹೋದ್ಯೋಗಿಗಳೊಡನೆ ತನಗಿರುವ ಸಂಬಂಧವನ್ನೂ, ಕೆಲಸಕ್ಕೆ ತಾನು ಕೊಡುವ ಅರ್ಥವನ್ನೂ ತಾನಾಗಿ ಮಾರ್ಪಡಿಸಿಕೊಳ್ಳುವುದುಂಟು. 2001ರಲ್ಲಿ ಆಮಿ ರೆಜ್ನೆಸ್ಕಿ ಮತ್ತು ಜೇನ್ ಡಟನ್ ಎಂಬ ವಿದುಷಿಯರು ಇದನ್ನು ‘ಜಾಬ್ ಕ್ರಾಫ್ಟಿಂಗ್’ ಎಂದು ಕರೆದರು. ನಾವು ‘ಉದ್ಯೋಗರೂಪಣ’ ಎನ್ನಬಹುದು. ಈ ಮೂರು ಅಂಶಗಳನ್ನು ಅಳೆಯಲು 2013ರಲ್ಲಿ ಸ್ಲೆಂಪ್ ಮತ್ತು ವೆಲ್ಲಾ-ಬ್ರಾಡ್ರಿಕ್ ಅವರು ಇಂಗ್ಲಿಷಿನಲ್ಲಿ 15 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು.

ಇಂತಹದನ್ನು ರುಮೇನಿಯನ್ ಭಾಷೆಗೆ ತರುವಾಗ ಪದಕ್ಕೆ ಪದವನ್ನಿಟ್ಟರೆ ಸಾಲದು. ಆ ಭಾಷೆಯಲ್ಲಿ ವಹಿಸಿದ ಕೆಲಸವೆಂಬರ್ಥದ ‘ಸರ್ಚಿನ’ ಎಂಬ ಪದಕ್ಕೆ ಹೊರೆ, ಬಸಿರು ಎಂಬ ಅರ್ಥಗಳೂ ಇವೆ. ಹೊಸ ಕೆಲಸವನ್ನು ತಾನಾಗಿ ಕೈಗೊಳ್ಳುವ ಮಾತು ಓದುಗನಿಗೆ ಹೊರೆಯ ಮಾತಾಗಿ ಕಂಡರೆ, ಉತ್ತರವು ಉತ್ಸಾಹವನ್ನಲ್ಲ, ದಣಿವನ್ನು ಅಳೆದೀತು.

ಆದುದರಿಂದ ಒಬ್ಬರು ಭಾಷಾಂತರಿಸಿದುದನ್ನು, ಮೂಲವನ್ನು ಕಾಣದ ಇನ್ನೊಬ್ಬರು ಮರಳಿ ಇಂಗ್ಲಿಷಿಗೆ ತರುವರು, ಅಂತರವಿದ್ದೆಡೆ ತಿದ್ದುವರು. ಬಳಿಕ ನೌಕರರ ಉತ್ತರಗಳು ಮೂಲದಲ್ಲಿರುವಂತೆ ಮೂರು ಗುಂಪುಗಳಾಗಿಯೇ ಕೂಡುವುವೇ ಎಂದು ಗಣಿತದಿಂದ ಪರೀಕ್ಷಿಸುವರು. ಈ ಪರೀಕ್ಷೆಯಿಲ್ಲದೆ ಎರಡು ದೇಶಗಳ ನೌಕರರನ್ನು ಹೋಲಿಸುವುದು, ಬೇರೆ ಬೇರೆ ಕೊಳಗಗಳಲ್ಲಿ ಅಳೆದ ಭತ್ತವನ್ನು ಹೋಲಿಸಿದಂತೆಯೇ ಸರಿ. ಶಾಸನದ ಪದಕ್ಕೆ ಇಂದಿನ ಅರ್ಥವನ್ನು ಹಚ್ಚಬಾರದೆಂದು ಇತಿಹಾಸದ ವಿದ್ಯಾರ್ಥಿಗಳಿಗೆ ನಾವು ಹೇಳುವ ಎಚ್ಚರಿಕೆಯೂ ಇದೇ ಆಗಿದೆ.