ಹಾಲಿಲ್ಲದ ಹಣ್ಣಿನ ರಸಾಯನ

ಪಟ್ಟಣದ ಅಂಗಡಿಗಳಲ್ಲಿ ‘ಸ್ಮೂದಿ’ ಎಂಬ ಹೆಸರಿನಿಂದ ಮಾರಾಟವಾಗುವ ಮಂದವಾದ ಹಣ್ಣಿನ ಪಾನೀಯವನ್ನು ಈಗ ಅರಿಯದವರು ವಿರಳ. ಆದರೆ ಹಣ್ಣನ್ನು ಕಿವುಚಿ, ತೆಂಗಿನ ಹಾಲು ಬೆಲ್ಲಗಳೊಡನೆ ಕಲಸಿ ಸವಿಯುವ ‘ರಸಾಯನ’ವು ನಮ್ಮ ಕರಾವಳಿ ಮಲೆನಾಡುಗಳ ಮನೆಗಳಲ್ಲಿ ಬಹುಕಾಲದಿಂದಲೂ ರೂಢಿಯಲ್ಲಿದೆ. ಹಸುವಿನ ಹಾಲಿನ ಹಂಗಿಲ್ಲದ ಈ ಪದಾರ್ಥವನ್ನು ಕುರಿತು ಎರಡು ಮಾತು ಬರೆಯುವುದು ನನ್ನ ಉದ್ದೇಶ.

ಹಾಲು ಪುಷ್ಟಿಕರವೆಂಬುದು ನಿಜವಾದರೂ ಎಲ್ಲರಿಗೂ ಒಗ್ಗುವುದಿಲ್ಲ. ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಸಣ್ಣ ಕರುಳಿನ ಲ್ಯಾಕ್ಟೇಸ್ ಎಂಬ ಕಿಣ್ವವು ಒಡೆಯಬೇಕು. ಶೈಶವ ಕಳೆದಂತೆ ಅನೇಕರಲ್ಲಿ ಈ ಕಿಣ್ವವು ಕಡಮೆಯಾಗುತ್ತದೆ. ಆಗ ಜೀರ್ಣವಾಗದ ಸಕ್ಕರೆಯು ದೊಡ್ಡ ಕರುಳನ್ನು ಸೇರಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ, ಹೊಟ್ಟೆಯುಬ್ಬರವನ್ನೂ ಭೇದಿಯನ್ನೂ ಉಂಟುಮಾಡುತ್ತದೆ. ನನ್ನ ತಮ್ಮನು ಹಾಲಿನ ಲೋಟವನ್ನು ಕಂಡೊಡನೆ ಮುಖ ತಿರುಗಿಸುತ್ತಿದ್ದುದಕ್ಕೆ ಮನೆಯ ಹಿರಿಯರು ಅವನನ್ನು ಹಠಮಾರಿಯೆಂದೇ ಗದರುತ್ತಿದ್ದರು. ವೈದ್ಯರು ಕಾರಣ ತಿಳಿಸಿದ ಬಳಿಕ ಗದರಿಕೆ ನಿಂತಿತು; ಸಂಜೆಗೆ ರಸಾಯನ ಬಂದಿತು.

ಐವರಿಗೆ ಒಂದು ಬಲಿತ ತೆಂಗಿನಕಾಯಿ, ಕಳಿತ 8 ಏಲಕ್ಕಿ ಬಾಳೆಹಣ್ಣು, ನಿಂಬೆಗಾತ್ರದ 2 ಉಂಡೆ ಬೆಲ್ಲ, 2 ಏಲಕ್ಕಿ, ಚಿಟಿಕೆ ಉಪ್ಪು ಸಾಕು. ಕಾಯಿತುರಿಯನ್ನು ಉಗುರುಬೆಚ್ಚಗಿನ ನೀರಿನೊಡನೆ ಅರೆದು ಬಟ್ಟೆಯಲ್ಲಿ ಹಿಂಡಬೇಕು. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಗಟ್ಟಿಯಾಗುವುದರಿಂದ, ತಣ್ಣೀರಿನಲ್ಲಿ ಹಾಲು ಚೆನ್ನಾಗಿ ಇಳಿಯದು. ಬೆಲ್ಲವನ್ನು ಕರಗಿಸಿ ಸೋಸಿದರೆ ಕಲ್ಲುಮಣ್ಣು ಉಳಿಯದು. ಹಣ್ಣನ್ನು ಕಡೆಯಲ್ಲಿ ಹಿಚುಕಿ ಸೇರಿಸಬೇಕು; ಮೊದಲೇ ಹಿಚುಕಿಟ್ಟರೆ ಗಾಳಿ ತಗಲಿ ಕಪ್ಪಾಗುವುದು. ಕುಡಿಯುವಷ್ಟು ತೆಳ್ಳಗೆ ಬೇಕಾದವರು ಮಿಕ್ಸಿಯಲ್ಲಿ ತಿರುವಬಹುದು. ಮಾವು, ಕರಬೂಜಗಳಿಗೂ ಇದೇ ಕ್ರಮ. ತೆಂಗಿನ ಹಾಲು ಬೇಗ ಹಳಸುವುದರಿಂದ ಅಂದು ಮಾಡಿದ್ದನ್ನು ಅಂದೇ ಮುಗಿಸತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ತೆಂಗಿನ ಹಾಲು ಹೆಸರಿಗೆ ಹಾಲಾದರೂ ಹಸುವಿನ ಹಾಲಿಗೆ ಸಮವಲ್ಲ. ಅದರಲ್ಲಿ ಮೇದಸ್ಸು ಅಧಿಕ, ಕ್ಯಾಲ್ಸಿಯಂ ಅತ್ಯಲ್ಪ. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆದಕಾರಣ ಲೋಟಕ್ಕೆ ಎರಡು ಚಮಚ ರಾಗಿ ಹುರಿಹಿಟ್ಟನ್ನು ಕಲಸಿ, ಊಟದಲ್ಲಿ ಬೇಳೆ ಸೊಪ್ಪುಗಳನ್ನು ಬಿಡದಿದ್ದರೆ ಕೊರತೆಯು ಬಹುಮಟ್ಟಿಗೆ ತುಂಬೀತು. ಎಳೆಗೂಸುಗಳಿಗೆ ಇದು ಹಾಲಿನ ಬದಲಿಯಲ್ಲ. ಮಧುಮೇಹವುಳ್ಳವರಿಗೆ ಬೆಲ್ಲವೂ ಸಕ್ಕರೆಯೇ ಎಂಬುದನ್ನು ಮರೆಯಬಾರದು.

ನಮ್ಮ ಹಿತ್ತಿಲಿನ ಬಾಳೆ, ತೆಂಗು, ಹೊಲದ ರಾಗಿ ಇವುಗಳಿಂದಲೇ ಆಗುವ ಈ ಪಾನೀಯಕ್ಕೆ ಹೆಚ್ಚಿನ ವೆಚ್ಚವಿಲ್ಲ. ಹಾಲು ಒಗ್ಗದವರು ಮನೆಯಲ್ಲಿದ್ದರೆ ಸಹಪಾಠಿಗಳು ಒಮ್ಮೆ ಮಾಡಿ ನೋಡಬೇಕೆಂದು ಕೋರುತ್ತೇನೆ.