ಲಜ್ಜೆ ಜೀವಕ್ಕೆ ಮುಳುವಾಗದಿರಲಿ

ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯ ಪಕ್ಕದಲ್ಲಿ ಕುಳಿತರೆ, ಒಂದೇ ತಟ್ಟೆಯಲ್ಲಿ ಉಂಡರೆ ಅದು ಹರಡುವುದಿಲ್ಲ. ಆದರೆ ಕೆಲವು ಕ್ಯಾನ್ಸರ್‌ಗಳ ಹಿಂದೆ ವೈರಸ್‌ಗಳಿವೆ. ಹೆಪಟೈಟಿಸ್ ಬಿ ವೈರಸ್ ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡಿಕೊಡಬಲ್ಲದು. ಗರ್ಭಕೋಶದ ಬಾಯಿಯ, ಅಂದರೆ ಗರ್ಭಕಂಠದ ಕ್ಯಾನ್ಸರಿಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬ ಎಚ್‌ಪಿವಿ ಕಾರಣ. 2022ರ ಅಂದಾಜಿನಂತೆ ಆ ಒಂದೇ ವರ್ಷ ಭಾರತದಲ್ಲಿ 1.2 ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ಈ ರೋಗ ಕಾಣಿಸಿಕೊಂಡಿತು. 75 ಸಾವಿರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ವೈರಸ್ ಮಾಡುವುದಾದರೂ ಏನು? ನಮ್ಮ ಜೀವಕೋಶಗಳೊಳಗೆ ಡಿಎನ್‌ಎ ಎಂಬ ಬರಹವಿದೆ. ಕೋಶ ಯಾವಾಗ ವಿಭಜನೆಗೊಳ್ಳಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿದೆ. ಈ ಬರಹಕ್ಕೆ ದಿನನಿತ್ಯ ಸಣ್ಣಪುಟ್ಟ ಹಾನಿಯಾಗುತ್ತಲೇ ಇರುತ್ತದೆ. ಅದನ್ನು ಸರಿಪಡಿಸುವ ವ್ಯವಸ್ಥೆಯನ್ನೂ ಅಲ್ಲಾಹನು ಕೋಶದೊಳಗೇ ಇರಿಸಿದ್ದಾನೆ. ಪಿ53 ಎಂಬ ಪ್ರೋಟೀನ್ ಅದರ ಕಾವಲುಗಾರ. ಹಾನಿ ಕಂಡರೆ ಅದು ವಿಭಜನೆಯನ್ನು ತಡೆಯುತ್ತದೆ. ದುರಸ್ತಿ ಸಾಧ್ಯವಾಗದಿದ್ದರೆ ಆ ಕೋಶವನ್ನೇ ಕೊನೆಗೊಳಿಸುತ್ತದೆ. ಎಚ್‌ಪಿವಿ ತಯಾರಿಸುವ ಇ6 ಎಂಬ ವಸ್ತು ಈ ಕಾವಲುಗಾರನನ್ನೇ ನಾಶ ಮಾಡುತ್ತದೆ. ಇ7 ಎಂಬ ಇನ್ನೊಂದು ವಸ್ತು ವಿಭಜನೆಯ ಬ್ರೇಕನ್ನು ಕೆಡಿಸುತ್ತದೆ. ಮತ್ತೆ ತಪ್ಪುಗಳನ್ನು ಹೊತ್ತ ಕೋಶಗಳು ಲಂಗುಲಗಾಮಿಲ್ಲದೆ ಬೆಳೆಯತೊಡಗುತ್ತವೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸೆನ್ 1983-84ರಲ್ಲಿ ಈ ಕ್ಯಾನ್ಸರಿನ ಗಡ್ಡೆಗಳಲ್ಲಿ ಎಚ್‌ಪಿವಿಯ 16 ಮತ್ತು 18ನೇ ತಳಿಗಳನ್ನು ಗುರುತಿಸಿದರು. ಇದಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸುಮಾರು ಶೇ. 70ರಷ್ಟು ಗರ್ಭಕಂಠದ ಕ್ಯಾನ್ಸರಿಗೆ ಈ ಎರಡು ತಳಿಗಳೇ ಕಾರಣ.

ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂದ ಕೂಡಲೇ ಕೆಲವರು ರೋಗಿಯ ನಡತೆಯ ಬಗ್ಗೆ ಪಿಸುಗುಟ್ಟುತ್ತಾರೆ. ಇದು ದೊಡ್ಡ ಅನ್ಯಾಯ. ಹೆಚ್ಚಿನ ಸ್ತ್ರೀಪುರುಷರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ. ಬಹುತೇಕರಲ್ಲಿ ಎರಡು ವರ್ಷಗಳೊಳಗೆ ಅದು ತಾನಾಗಿಯೇ ಮಾಯವಾದರೆ, ಕೆಲವರಲ್ಲಿ ಹಲವು ವರ್ಷ ಸದ್ದಿಲ್ಲದೆ ಅಡಗಿರುತ್ತದೆ. ಆದ್ದರಿಂದ ಪರೀಕ್ಷೆಯ ವರದಿಯು ಪತಿ ಅಥವಾ ಪತ್ನಿಯ ಚಾರಿತ್ರ್ಯಕ್ಕೆ ಸಾಕ್ಷಿಯಲ್ಲ. ಗುಮಾನಿಯಿಂದ ದೂರವಿರಬೇಕೆಂದು, ಶೀಲವತಿಯರ ಮೇಲೆ ಅಪವಾದ ಹೊರಿಸುವುದು ಮಹಾಪಾಪವೆಂದು ಇಸ್ಲಾಮ್ ಕಲಿಸಿದೆ.

ಸೋಂಕು ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಈ ದೀರ್ಘ ಕಾಲಾವಕಾಶವೇ ನಮ್ಮ ಪಾಲಿನ ಅನುಗ್ರಹ. 30 ವರ್ಷ ದಾಟಿದ ವಿವಾಹಿತೆಯರು ಆರೋಗ್ಯವಾಗಿದ್ದರೂ ವೈದ್ಯರ ಸಲಹೆಯಂತೆ ತಪಾಸಣೆ ಮಾಡಿಸಿಕೊಳ್ಳಬೇಕು. ಪ್ಯಾಪ್ ಪರೀಕ್ಷೆ ಮತ್ತು ಎಚ್‌ಪಿವಿ ಪರೀಕ್ಷೆಗಳಿವೆ. ವಿನೆಗರ್‌ನಲ್ಲಿರುವ ಆಮ್ಲವನ್ನೇ ತೆಳುವಾಗಿಸಿ ಹಚ್ಚಿ ನೋಡುವ ಸುಲಭ ವಿಧಾನವೂ ಇದೆ. ಕೆಟ್ಟ ಕೋಶಗಳಿರುವ ಭಾಗ ಬೆಳ್ಳಗಾಗುತ್ತದೆ. ಆ ಹಂತದಲ್ಲೇ ಚಿಕಿತ್ಸೆ ಮಾಡಿದರೆ ಕ್ಯಾನ್ಸರ್ ಬಾರದಂತೆ ತಡೆಯಬಹುದು. ಹೆಣ್ಣುಮಕ್ಕಳಿಗೆ 9ರಿಂದ 14ರ ವಯಸ್ಸಿನಲ್ಲಿ ಎಚ್‌ಪಿವಿ ಲಸಿಕೆ ಕೊಡಿಸುವುದು ಉತ್ತಮ. ಅದು ಸೋಂಕಿಗೆ ಮುಂಚಿನ ರಕ್ಷಣೆಯೇ ಹೊರತು ಚಿಕಿತ್ಸೆಯಲ್ಲ. ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಬೇಕು.

ತಿಂಗಳ ಮುಟ್ಟಿನ ನಡುವೆ, ಸಂಪರ್ಕದ ಬಳಿಕ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದುರ್ವಾಸನೆಯ ಸ್ರಾವವಿದ್ದರೆ ತಡಮಾಡಬಾರದು.

"ವೈದ್ಯರಿಗೆ ಹೇಗೆ ತೋರಿಸುವುದು?" ಎಂಬ ಸಂಕೋಚ ಸಹಜ. ಲಜ್ಜೆ ಈಮಾನಿನ ಭಾಗವೇ ಹೌದು. ಆದರೆ ಚಿಕಿತ್ಸೆಯ ಅಗತ್ಯವಿರುವಾಗ ಶರೀಅತ್ ಅನುಮತಿ ನೀಡಿದೆ. ಸಾಧ್ಯವಿದ್ದಲ್ಲಿ ಮಹಿಳಾ ವೈದ್ಯರ ಬಳಿಗೇ ಹೋಗಬಹುದು. ದೀನಿನ ವಿಷಯ ಕೇಳಿ ತಿಳಿಯಲು ಲಜ್ಜೆಯನ್ನು ಅಡ್ಡಿಯಾಗಿಸದ ಅನ್ಸಾರ್ ಮಹಿಳೆಯರನ್ನು ಹ. ಆಯಿಶಾ(ರ) ಪ್ರಶಂಸಿಸಿದ್ದರು. ಚಿಕಿತ್ಸೆ ಪಡೆಯುವಂತೆ ಪ್ರವಾದಿವರ್ಯರು(ಸ) ಪ್ರೋತ್ಸಾಹಿಸಿದ್ದರು. ಮನೆಮಂದಿಯ ಆರೋಗ್ಯಕ್ಕಾಗಿ ಹಗಲಿರುಳು ದುಡಿಯುವ ಸಹೋದರಿಯರೇ, ನಿಮ್ಮ ದೇಹವೂ ಅಲ್ಲಾಹನು ನಿಮಗೆ ವಹಿಸಿಕೊಟ್ಟ ಅಮಾನತ್ತು. ಪತಿಯಂದಿರೂ ಇದನ್ನರಿತು ಪತ್ನಿಯನ್ನು ತಪಾಸಣೆಗೆ ತಾವೇ ಕರೆದೊಯ್ಯಲಿ.