ವಿಷ ಒಬ್ಬರದು, ಹೊಣೆ ಯಾರದು?

ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್. 2006ರ ಆಗಸ್ಟ್‌ನಲ್ಲಿ ಅಲ್ಲಿನ ಅಬಿಜಾನ್ ಬಂದರಿಗೆ ಬಂದ 'ಪ್ರೋಬೋ ಕೊಆಲಾ' ಹಡಗಿನಿಂದ ಐನೂರಕ್ಕೂ ಹೆಚ್ಚು ಘನ ಮೀಟರ್ ಗಬ್ಬುನಾತದ ದ್ರವವನ್ನು ಟ್ಯಾಂಕರ್ ಲಾರಿಗಳು ಹೊತ್ತೊಯ್ದು ನಗರದ ಹಲವೆಡೆ ಸುರಿದವು. ತಲೆನೋವು, ವಾಂತಿ, ಉಸಿರಾಟದ ತೊಂದರೆ ಎಂದು ಒಂದು ಲಕ್ಷಕ್ಕೂ ಹೆಚ್ಚು ಜನ ಚಿಕಿತ್ಸೆಗೆ ಧಾವಿಸಿದರು. ಕನಿಷ್ಠ ಹದಿನೈದು ಮಂದಿ ಸತ್ತರೆಂದು ಅಲ್ಲಿನ ಸರ್ಕಾರ ಹೇಳಿತು.

ಹಡಗನ್ನು ಬಾಡಿಗೆಗೆ ಪಡೆದಿದ್ದ ಟ್ರಾಫಿಗುರಾ ಕಂಪನಿ, ಗಂಧಕ ತುಂಬಿದ ಅಗ್ಗದ ನಾಫ್ತಾ ಎಂಬ ಪೆಟ್ರೋಲಿಯಂ ದ್ರವವನ್ನು ಹಡಗಿನಲ್ಲೇ ಕಾಸ್ಟಿಕ್ ಸೋಡಾ ಹಾಕಿ ತೊಳೆದಿತ್ತು. ಹೀಗೆ ತೊಳೆದಾಗ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತಗಳು ಕ್ಷಾರದೊಂದಿಗೆ ಸೇರಿ ತಳಕ್ಕಿಳಿಯುತ್ತವೆ; ನಗರದಲ್ಲಿ ಸುರಿದದ್ದು ಈ ಗಸಿಯನ್ನೇ. ಅಡುಗೆ ಅನಿಲ ಸೋರಿದ್ದು ಗೊತ್ತಾಗಲೆಂದು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವುದು ಇದೇ ಜಾತಿಯ ರಾಸಾಯನಿಕವನ್ನು. ಕ್ಷಾರದ ಬಲ ಕುಗ್ಗಿದರೆ ತಳದ ಗಸಿಯಿಂದ ಮರ್ಕ್ಯಾಪ್ಟನ್ ಮತ್ತೆ ಗಾಳಿಗೇರುತ್ತದೆ. ಜೊತೆಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವೂ ಹೊರಡಬಹುದು.

ಅಬಿಜಾನ್‌ಗೂ ಮೊದಲು ಹಡಗು ಹೋದದ್ದು ಆಮ್‌ಸ್ಟರ್‌ಡ್ಯಾಮ್‌ಗೆ. ನಾತ ಬಡಿದಾಗ ಅಲ್ಲಿನ ಸಂಸ್ಕರಣಾ ಸಂಸ್ಥೆ ದರವನ್ನು ಹತ್ತಾರು ಪಟ್ಟು ಏರಿಸಿತು. ಗಸಿ ಮತ್ತೆ ಹಡಗೇರಿತು.

ಹಡಗಿನ ಮಾಲೀಕರು ಗ್ರೀಕರು, ಬಾವುಟ ಪನಾಮಾದ್ದು, ಸುರಿದದ್ದು ಅಬಿಜಾನ್‌ನದೇ ಗುತ್ತಿಗೆ ಸಂಸ್ಥೆ. ಅದರ ಮುಖ್ಯಸ್ಥನಿಗೆ 20 ವರ್ಷ ಜೈಲಾಯಿತು. ಟ್ರಾಫಿಗುರಾ 2007ರಲ್ಲಿ ಐವರಿ ಕೋಸ್ಟ್ ಸರ್ಕಾರಕ್ಕೆ ಸುಮಾರು 20 ಕೋಟಿ ಡಾಲರ್ ಕೊಟ್ಟಿತು. 2009ರಲ್ಲಿ ಲಂಡನ್ ಮೊಕದ್ದಮೆಯಲ್ಲಿ ಸುಮಾರು 30,000 ಜನರಿಗೆ 3 ಕೋಟಿ ಪೌಂಡ್‌ಗೆ ರಾಜಿಯಾಯಿತು. ಎರಡರಲ್ಲೂ ತಪ್ಪೊಪ್ಪಿಗೆಯಿಲ್ಲ. 2010ರಲ್ಲಿ ಡಚ್ ನ್ಯಾಯಾಲಯ ಮಾತ್ರ, ತ್ಯಾಜ್ಯವನ್ನು ಅಕ್ರಮವಾಗಿ ರಫ್ತು ಮಾಡಿ ಅದರ ಅಪಾಯವನ್ನು ಮುಚ್ಚಿಟ್ಟದ್ದಕ್ಕೆ, 10 ಲಕ್ಷ ಯೂರೋ ದಂಡ ಹಾಕಿತು.

1989ರ ಬಾಸೆಲ್ ಒಪ್ಪಂದದ ಪ್ರಕಾರ, ತರಿಸಿಕೊಳ್ಳುವ ದೇಶದ ಲಿಖಿತ ಒಪ್ಪಿಗೆಯಿಲ್ಲದೆ ಅಪಾಯಕಾರಿ ತ್ಯಾಜ್ಯ ಗಡಿ ದಾಟುವಂತಿಲ್ಲ. ರಫ್ತುದಾರನ ತಪ್ಪಿನಿಂದ ಅಕ್ರಮವಾಗಿ ಹೋದದ್ದನ್ನು ವಾಪಸ್ ಪಡೆಯುವ ಹೊಣೆ ಕಳಿಸಿದ ದೇಶದ್ದು. ಭಾರತವೂ ಇದಕ್ಕೆ ಸೇರಿದೆ. ಇಲ್ಲಿನ 2016ರ ನಿಯಮಗಳು ವಿಲೇವಾರಿಗೆಂದು ಇಂಥ ತ್ಯಾಜ್ಯ ತರಿಸುವುದನ್ನೇ ನಿಷೇಧಿಸಿವೆ.

ಆದರೆ ಕಾಯಿಲೆ ಬಿದ್ದವರಿಗೆ ಪರಿಹಾರ ಯಾರು ಕೊಡಬೇಕು? ಅದಕ್ಕೆಂದೇ 1999ರಲ್ಲಿ ಪ್ರತ್ಯೇಕ ಪ್ರೋಟೋಕಾಲ್ ಸಿದ್ಧವಾಯಿತು. ಅದರ ಪ್ರಕಾರ, ತ್ಯಾಜ್ಯ ವಿಲೇವಾರಿದಾರನ ಕೈ ಸೇರುವವರೆಗೆ ರಫ್ತಿನ ಸೂಚನೆ ಕೊಟ್ಟವನೇ ಹೊಣೆ, ಆಮೇಲೆ ವಿಲೇವಾರಿದಾರ. ತಪ್ಪು ಯಾರದೆಂದು ಸಂತ್ರಸ್ತರು ಸಾಬೀತು ಮಾಡಬೇಕಿಲ್ಲ. ಜಾರಿಗೆ 20 ದೇಶಗಳ ಅನುಮೋದನೆ ಸಾಕಿತ್ತು. ಎರಡು ದಶಕ ಕಳೆದರೂ ಅಷ್ಟು ದೇಶಗಳು ಮುಂದೆ ಬರಲಿಲ್ಲ.